ಅವ್ವನ ಬೆವರಿಗೆ ಹಾರ ಬೇಡ, ಲೆಕ್ಕ ಬೇಕು

ನಮ್ಮ ಕಡೆಯ ಹಳ್ಳಿಗಳಿಂದ ಓದಿ ಬೆಂಗಳೂರು ಸೇರಿದ ನಾಲ್ಕು ಜನ ಒಂದು ಕಡೆ ಕೂತರೆ, ಮಾತು ಊರಿನ ಕಡೆ ಹೊರಳುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಬಾವಿಗೆ ಹಾರಿದ್ದು, ಮಾವಿನಕಾಯಿ ಕದ್ದಿದ್ದು, ಸುಗ್ಗಿಯ ಕಣದಲ್ಲಿ ಹುಲ್ಲಿನ ಮೇಲೆ ಮಲಗಿದ್ದು ಎಲ್ಲ ಒಂದೊಂದಾಗಿ ಬರುತ್ತವೆ. ಅಲ್ಲಿಂದ ಅಪ್ಪ-ಅವ್ವನ ಕಷ್ಟಕ್ಕೆ. ‘ನಮ್ಮಪ್ಪ ಒಂದಿನ ಸುಸ್ತು ಅಂದೋರಲ್ಲ.’ ‘ನಮ್ಮವ್ವ ಕೋಳಿ ಕೂಗೋಕೆ ಮುಂಚೆ ಎದ್ರೆ ಮಲಗೋದು ಎಲ್ಲರದೂ ಊಟ ಆದಮೇಲೆ.’ ಕಡೆಗೆ ಎಲ್ಲರೂ ತಲೆಯಾಡಿಸುವ ತೀರ್ಪು: ಆ ಬದುಕೇ ಬದುಕು, ಈಗಿನ ಮಕ್ಕಳಿಗೆ ಕಷ್ಟ ಅಂದರೇನು ಅಂತಲೇ ಗೊತ್ತಿಲ್ಲ. ಡಿಸೆಂಬರ್ 23ರ ರೈತ ದಿನಕ್ಕೆ, ಅಮ್ಮಂದಿರ ದಿನಕ್ಕೆ, ಅಪ್ಪಂದಿರ ದಿನಕ್ಕೆ ಇದೇ ಮಾತು ವಾಟ್ಸ್‌ಆ್ಯಪ್ ಸ್ಟೇಟಸ್ ಆಗುತ್ತದೆ. ನಿವೃತ್ತಿ ಸಮಾರಂಭದಲ್ಲಿ ಭಾಷಣವಾಗುತ್ತದೆ, ವಿಶೇಷಾಂಕಗಳಲ್ಲಿ ಪ್ರಬಂಧವಾಗುತ್ತದೆ.

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಹೆತ್ತವರ ಮೇಲಿನ ಪ್ರೀತಿಯ ಬಗ್ಗೆ ನನ್ನ ತಕರಾರಿಲ್ಲ, ಅದು ಅವರವರ ಮನೆಯ ವಿಷಯ. ತಕರಾರು ಇರುವುದು ಆ ಪ್ರೀತಿ ಹಿಡಿದಿರುವ ದಾರಿಯ ಬಗ್ಗೆ. ಸಂಬಳವಿಲ್ಲದೆ, ಹೆಸರಿಲ್ಲದೆ, ಬೆಲೆಯಿಲ್ಲದೆ ಜೀವಮಾನವಿಡೀ ದುಡಿಸಿಕೊಂಡ ಒಂದು ವ್ಯವಸ್ಥೆಯ ಬಾಕಿಯನ್ನು ನಾವು ‘ತ್ಯಾಗ’ ಎಂಬ ಖಾತೆಗೆ ಹಾಕಿ ತೀರಿಸಿಬಿಟ್ಟಿದ್ದೇವೆ. ದಣಿವನ್ನು ಗುಣವೆಂದು ಕರೆದ ಮೇಲೆ ಅದಕ್ಕೆ ಯಾರೂ ಏನೂ ಕೊಡಬೇಕಾಗಿಲ್ಲವಲ್ಲ!

ಮೊದಲು ‘ಅವರು ಒಂದು ದಿನವೂ ಗೊಣಗಲಿಲ್ಲ’ ಎಂಬ ಮಾತನ್ನೇ ನೋಡೋಣ. ಯಾರ ಮನೆಯಲ್ಲಿ? ನನಗೆ ಗೊತ್ತಿರುವ ಹೆಂಗಸರೆಲ್ಲ ದಿನಾ ಗೊಣಗುತ್ತಿದ್ದರು. ಒಲೆಯ ಮುಂದೆ, ಕೊಟ್ಟಿಗೆಯಲ್ಲಿ, ನೀರಿನ ಹಾದಿಯಲ್ಲಿ ಅವರ ಬಾಯಿಂದ ಬರುತ್ತಿದ್ದುದು ಬಹುಮಟ್ಟಿಗೆ ದೂರೇ. ‘ಈ ಹಾಳು ಬಾಳು ಯಾವಾಗ ಮುಗೀತದೋ ಶಿವನೇ’ ಎಂಬುದು ನಮ್ಮ ಬೀದಿಯ ನಿತ್ಯದ ಮಾತು. ನಾವು ಕೇಳಿಸಿಕೊಳ್ಳಲಿಲ್ಲ, ಅಷ್ಟೇ. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ತೆಗೆದು ನೋಡಿ. ತವರಿನ ಹಿಗ್ಗು, ಕೂಸಿನ ಮುದ್ದಿನ ಜೊತೆಗೇ ಅತ್ತೆಮನೆಯ ಗೇಯ್ಮೆ, ಒಂಟಿತನ, ಹೇಳಿಕೊಳ್ಳಲಾಗದ ಸಂಕಟ ಎಷ್ಟೊಂದು ತುಂಬಿಕೊಂಡಿವೆ! ಬೀಸುಕಲ್ಲಿನ ಮುಂದೆ ನಸುಕಿನಲ್ಲಿ ಕೂತು ಹೆಣ್ಣುಮಕ್ಕಳು ಕೊಟ್ಟ ದೂರನ್ನು ನಾವು ಜನಪದ ಗೀತೆಯ ಸ್ಪರ್ಧೆಯಲ್ಲಿ ರಾಗ ಎಳೆದು ಹಾಡಿ ಬಹುಮಾನ ತಂದೆವು. ದೂರಿಗೆ ಉತ್ತರ ಕೊಡುವುದು ಯಾರಿಗೂ ನೆನಪಾಗಲಿಲ್ಲ.

ಗಂಡಸರೂ ಸುಮ್ಮನಿರಲಿಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ 2003ರಲ್ಲಿ ದೇಶದ ರೈತ ಕುಟುಂಬಗಳ ಬಳಿ ಹೋಗಿ ‘ಬೇಸಾಯ ಇಷ್ಟವೇ’ ಎಂದು ಕೇಳಿತು. ಬೇರೆ ದಾರಿ ಸಿಕ್ಕರೆ ಬೇಸಾಯ ಬಿಡುತ್ತೇವೆ ಎಂದವರು ಸುಮಾರು ಶೇಕಡಾ 40. ಇದು ನಮ್ಮ ಅಪ್ಪಂದಿರ ತಲೆಮಾರು ಸರ್ಕಾರದ ಮುಂದೆ ಬಾಯಿಬಿಟ್ಟು ಹೇಳಿದ ಮಾತು. ಮನೆಯಲ್ಲಿ ಅವರು ಹೇಳಿದ್ದೂ ಅದನ್ನೇ: ‘ನಮ್ಮ ಪಾಡು ನಿಮಗೆ ಬ್ಯಾಡ, ಓದ್ಕಳ್ರಪ್ಪ.’ ಆ ಬದುಕಿನ ಬಗ್ಗೆ ಅದನ್ನು ಬದುಕಿದವರೇ ಕೊಟ್ಟ ತೀರ್ಪು ಅದು. ಹಸು ಮಾರಿ, ತಾಳಿ ಅಡವಿಟ್ಟು, ಸಾಲ ಮಾಡಿ ನಮ್ಮನ್ನು ಅದರಿಂದ ಹೊರಗೆ ದಾಟಿಸಿದರು. ಈಗ ದಾಟಿ ಬಂದ ದಡದಲ್ಲಿ ನಿಂತು, ತಿಂಗಳ ಸಂಬಳ ಎಣಿಸಿಕೊಂಡು, ‘ಆ ಬದುಕೇ ಚೆಂದ’ ಎನ್ನುತ್ತಿದ್ದೇವೆ. ಹೆತ್ತವರಿಗೆ ಗೌರವ ಕೊಡುವ ರೀತಿಯೇ ಇದು? ಅವರ ಮಾತನ್ನೇ ಸುಳ್ಳು ಮಾಡುತ್ತಿದ್ದೇವೆ.

ನೆನಪನ್ನು ಬರೆಯುತ್ತಿರುವವರು ಯಾರು ಎಂಬುದನ್ನೂ ಸ್ವಲ್ಪ ಗಮನಿಸಬೇಕು. ತಪ್ಪಿಸಿಕೊಂಡು ಬಂದವರು ಬರೆಯುತ್ತಿದ್ದೇವೆ. ನನ್ನಕ್ಕ ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟಳು. ಕೈಗೂಸಾಗಿದ್ದ ತಮ್ಮನನ್ನು ನೋಡಿಕೊಳ್ಳಲು ಆಳು ಬೇಕಾಗಿತ್ತು, ಎಮ್ಮೆಗೆ ಹುಲ್ಲು ತರಲು ಆಳು ಬೇಕಾಗಿತ್ತು, ಹೊಲಕ್ಕೆ ಬುತ್ತಿ ಹೊರಲು ಆಳು ಬೇಕಾಗಿತ್ತು. ಮೂರಕ್ಕೂ ಅವಳೇ ಆದಳು. ನಾನು ಕಣದಲ್ಲಿ ಮಲಗಿ ನಕ್ಷತ್ರ ನೋಡುತ್ತಿದ್ದ ರಾತ್ರಿಗಳಲ್ಲಿ ಅವಳು ನಮಗೆ ಮುದ್ದೆ ತಿರುವುತ್ತಿದ್ದಳು. ಅವಳನ್ನು ಬಾಲ್ಯದ ಬಗ್ಗೆ ಬರಿ ಅಂದರೆ ಏನು ಬರೆದಾಳು? ಸ್ಟೇಟಸ್ ಹಾಕುವವರ ಸಾಲಿನಲ್ಲಿ ಅವಳಿಲ್ಲ. ಅವಳಂಥವರು ಹಳ್ಳಿ ಹಳ್ಳಿಯಲ್ಲಿದ್ದರು. ‘ಕಷ್ಟ ಮಕ್ಕಳನ್ನು ಗಟ್ಟಿ ಮಾಡುತ್ತದೆ’ ಎನ್ನುವವರು ಗಟ್ಟಿಯಾಗಿ ಮೇಲೆ ಬಂದ ಒಬ್ಬನನ್ನು ತೋರಿಸುತ್ತಾರೆ, ಅಲ್ಲೇ ಸವೆದುಹೋದ ಮೂವರನ್ನು ಮರೆಯುತ್ತಾರೆ. ಈ ನಂಬಿಕೆ ಬರೀ ಹರಟೆಯಲ್ಲಿ ಉಳಿದಿಲ್ಲ, ಕಾನೂನಿಗೂ ಬಂದಿದೆ. ಬಾಲ ಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ತಂದಾಗ, ಹದಿನಾಲ್ಕರ ಒಳಗಿನ ಮಕ್ಕಳು ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಕುಟುಂಬದ ಕೆಲಸಕ್ಕೆ ನೆರವಾಗಬಹುದು ಎಂದು ಬಾಗಿಲು ತೆರೆದಿಟ್ಟರು. ಮನೆಯ ಕೆಲಸ ಮಕ್ಕಳಿಗೆ ಒಳ್ಳೆಯದು ಎಂಬ ನಮ್ಮ ಮಧುರ ನೆನಪೇ ಆ ಬಾಗಿಲಿನ ಹೊಸ್ತಿಲು. ಶಾಲೆ ಬಿಟ್ಟ ಮೇಲಿನ ಹೊತ್ತು ಎಷ್ಟು, ಹೋಂವರ್ಕಿಗೆ ಉಳಿದದ್ದೆಷ್ಟು ಎಂದು ಹೊಲದ ಬದುವಿನಲ್ಲಿ ನಿಂತು ನೋಡುವ ಇನ್‌ಸ್ಪೆಕ್ಟರ್ ಯಾರಿದ್ದಾರೆ?

ಇನ್ನು, ಯಾರ ಬಾಲ್ಯ? ಸಿದ್ಧಲಿಂಗಯ್ಯನವರ ‘ಊರುಕೇರಿ’ ಓದಿದವರಿಗೆ ಗೊತ್ತು. ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಹೊಲ ಉಳುತ್ತಿರುವುದನ್ನು ಒಬ್ಬ ಹುಡುಗ ನೋಡುತ್ತಾನೆ, ಆ ಇಬ್ಬರಲ್ಲಿ ಒಬ್ಬ ಅವನ ಅಪ್ಪ. ಅದೂ ಹಳ್ಳಿಯ ಬಾಲ್ಯವೇ, ಅದೂ ಕಷ್ಟಪಟ್ಟು ದುಡಿದ ಅಪ್ಪನ ನೆನಪೇ. ಅದನ್ನು ಯಾವ ನಿವೃತ್ತಿ ಭಾಷಣದಲ್ಲಿ ಕೂರಿಸುತ್ತೀರಿ? ಹಳ್ಳಿಯನ್ನು ಪೂಜಿಸುವವರಿಗೆ ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ಚಾಟಿ ಬೀಸಿದ್ದರು. ಅದು ನಮ್ಮ ಕಿವಿಗೆ ಬಿದ್ದಂತಿಲ್ಲ. ನಮ್ಮದು ಎರಡು ಎಕರೆ ಖುಷ್ಕಿ, ನಾವು ಬಡವರೇ. ಆದರೂ ನಮ್ಮ ಹೊಲಕ್ಕೆ ಕಳೆ ಕೀಳಲು ಕೇರಿಯಿಂದ ಬರುತ್ತಿದ್ದ ಹೆಂಗಸರು ಬಾಯಾರಿದಾಗ ಬೊಗಸೆ ಒಡ್ಡುತ್ತಿದ್ದರು. ನಮ್ಮವ್ವ ಚೊಂಬನ್ನು ಮೇಲೆತ್ತಿ ನೀರು ಹುಯ್ಯುತ್ತಿದ್ದಳು. ಒಂದೇ ಸಾಲಿನಲ್ಲಿ ಪಕ್ಕಪಕ್ಕ ಕೂತು ಅದೇ ಕಳೆ ಕಿತ್ತವರ ನಡುವೆ ಅಷ್ಟು ಅಂತರ ಇತ್ತು. ನನ್ನವ್ವನ ದುಡಿಮೆಯನ್ನು ನೆನೆಯುವಾಗ ಆ ಚೊಂಬಿನ ಎತ್ತರವನ್ನು ಬಿಟ್ಟು ನೆನೆಯುವುದು ಪ್ರಾಮಾಣಿಕತೆಯಲ್ಲ.

ಈಗ ದುಡಿಮೆಯ ವಿಷಯಕ್ಕೇ ಬರೋಣ. ‘ಕತ್ತೆ ಥರ ದುಡಿದರು’ ಎಂದು ಹೊಗಳುವವರು ಅವರು ಏನು ಮಾಡಿದರು ಎಂದು ಹೇಳಿದ್ದನ್ನು ನಾನು ಕೇಳಿದ್ದು ಅಪರೂಪ. ರಾಗಿ ಹೊಲದ ಕಳೆಯನ್ನೇ ತೆಗೆದುಕೊಳ್ಳಿ. ಪೈರು ಗೇಣುದ್ದ ಬಂದ ಮೇಲೆ ಅಪ್ಪ ಕುಂಟೆ ಹಾಯಿಸುತ್ತಿದ್ದ. ಕುಂಟೆಗೆ ಸಿಗದೆ ಸಾಲಿನೊಳಗೆ ಉಳಿದದ್ದು ಹೆಂಗಸರ ಪಾಲು. ಕುಕ್ಕರಗಾಲಲ್ಲಿ ಕೂತು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲು ಹಿಡಿದು ಸರಿಯಬೇಕು. ರಾಗಿಯ ಜೊತೆಗೇ ಒಂದು ಹುಲ್ಲು ಹುಟ್ಟುತ್ತದೆ. ಎಲೆ ರಾಗಿಯದೇ, ಎತ್ತರ ರಾಗಿಯದೇ, ತೆನೆ ಬರುವ ತನಕ ಹೊಸಬರ ಕಣ್ಣಿಗೆ ಅದು ರಾಗಿಯೇ. ಅವ್ವ ಬುಡಕ್ಕೆ ಬೆರಳು ತಾಗಿಸುತ್ತಿದ್ದಳು. ಚಪ್ಪಟೆ ಅನ್ನಿಸಿದರೆ ಕಿತ್ತಳು, ಇಲ್ಲವೆಂದರೆ ಬಿಟ್ಟಳು. ಕಣ್ಣು ಮುಂದಿನ ಸಾಲಿನ ಮೇಲಿರುತ್ತಿತ್ತು, ಬಾಯಿ ಪಕ್ಕದವಳ ಜೊತೆ ಮಾತಾಡುತ್ತಿತ್ತು, ಬೆರಳು ತೀರ್ಮಾನ ಮಾಡುತ್ತಿತ್ತು. ನಾನು ರಜೆಯಲ್ಲಿ ಕಳೆಗೆ ಕೂತರೆ ರಾಗಿಯನ್ನು ಕಿತ್ತು ಹುಲ್ಲನ್ನು ಉಳಿಸಿ ಬೈಸಿಕೊಳ್ಳುತ್ತಿದ್ದೆ.

ಕಳೆಗೇ ಅವ್ವನ ವಿದ್ಯೆ ಮುಗಿಯಲಿಲ್ಲ. ಎಷ್ಟು ಸಾಲು ರಾಗಿಗೆ ಒಂದು ಅಕ್ಕಡಿ ಬಿಡಬೇಕು, ಅದರಲ್ಲಿ ಅವರೆ ಎಲ್ಲಿ, ತೊಗರಿ ಎಲ್ಲಿ, ಹುಚ್ಚೆಳ್ಳು ಎಲ್ಲಿ ಎಂಬ ಲೆಕ್ಕ ಅವಳದು. ಕೊಯ್ಲಿಗೆ ಮುಂಚೆ ಹೊಲ ಸುತ್ತಿ ಬಿತ್ತನೆಗೆ ಎಂದು ತೆನೆ ಆರಿಸುತ್ತಿದ್ದವಳು ಅವಳು. ಆ ಬೀಜಕ್ಕೆ ಹುಳ ಬೀಳದಂತೆ ಬೇವಿನ ಸೊಪ್ಪು, ಬೂದಿ ಬೆರೆಸಿ ಗುಡಾಣಕ್ಕೆ ತುಂಬಿಡುತ್ತಿದ್ದವಳೂ ಅವಳೇ. ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ನಾಡು ‘ರಾಗಿ ಲಕ್ಷ್ಮಣಯ್ಯ’ ಎಂದು ನೆನೆಯುತ್ತದೆ, ನೆನೆಯಲೇಬೇಕು. ಅವರ ಕೈಗೆ ಸಿಕ್ಕ ನಾಟಿ ತಳಿಗಳನ್ನು ತಲೆತಲಾಂತರದಿಂದ ಆರಿಸಿ, ಉಳಿಸಿ ಕೊಟ್ಟ ಹೆಂಗಸರಿಗೆ ನಾವು ಕೊಟ್ಟ ಬಿರುದು ‘ಪಾಪ, ಬಹಳ ಕಷ್ಟಪಟ್ಟರು’. ಅವರ ವಿದ್ಯೆಯನ್ನು ಬೆವರೆಂದು ಬರೆದುಕೊಂಡಿದ್ದೇವೆ. ಬೆವರಿಗೆ ಅಯ್ಯೋ ಅಂದರೆ ಸಾಕು, ವಿದ್ಯೆಗಾದರೆ ಬೆಲೆ ಕಟ್ಟಬೇಕಾಗುತ್ತಿತ್ತು.

ಬೆಲೆ ಕಟ್ಟಿದ್ದು ಹೇಗೆ ಎಂದೂ ನೋಡಿ. 2018-19ರ ಸರ್ಕಾರಿ ಸಮೀಕ್ಷೆಯ ಪ್ರಕಾರ ದೇಶದ ಒಂದು ಕೃಷಿ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798. ಕೂಲಿ, ಸಂಬಳದಿಂದ ಬಂದದ್ದು 4,063. ಅಂದರೆ ದೇಶದ ಬೆನ್ನೆಲುಬು ಬೇರೆಯವರ ಬಳಿ ಕೂಲಿ ಮಾಡಿ ತನ್ನ ಹೊಲವನ್ನು ಸಾಕುತ್ತಿದೆ. ಇದಕ್ಕಿಂತ ಕೆಟ್ಟ ಸಂಗತಿ ಆ 3,798ರೊಳಗೇ ಇದೆ. ಬೀಜ, ಗೊಬ್ಬರ, ಬಾಡಿಗೆ, ಹೊರಗಿನ ಆಳಿನ ಕೂಲಿ ಎಂದು ಕೈಯಿಂದ ಕೊಟ್ಟ ಖರ್ಚನ್ನು ಮಾತ್ರ ಕಳೆದು ಬಂದ ಮೊತ್ತ ಅದು. ಮನೆಯವರು ಬೆನ್ನು ಬಗ್ಗಿಸಿದ್ದಕ್ಕೆ ಅಲ್ಲಿ ಒಂದು ಪೈಸೆಯನ್ನೂ ಖರ್ಚೆಂದು ಹಿಡಿದಿಲ್ಲ. ಅಪ್ಪ, ಅವ್ವ, ಅಕ್ಕ ಮೂವರ ಕೂಲಿ ಕಳೆದರೆ ಎಷ್ಟು ಮನೆಗಳಲ್ಲಿ ಆ ಬಾಬ್ತು ಸೊನ್ನೆಯ ಕೆಳಗೆ ಇಳಿದೀತು? ನಾವು ತ್ಯಾಗ ಎನ್ನುತ್ತಿರುವುದು ಕಡಿಮೆ ದರದ ರಾಗಿ, ಅಕ್ಕಿ, ಬೇಳೆಯಾಗಿ ಪೇಟೆಯ ಅಡುಗೆಮನೆಗೆ ಬಂದು ಸೇರಿದೆ.

ಬೆಂಬಲ ಬೆಲೆ ನಿಗದಿ ಮಾಡುವಾಗ ಕುಟುಂಬದ ಶ್ರಮವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ನಿಜ. 2018-19ರ ಬಜೆಟ್ಟಿನಿಂದ ಆ ಲೆಕ್ಕದ ಒಂದೂವರೆ ಪಟ್ಟು ಕೊಡುತ್ತೇವೆ ಎನ್ನುತ್ತಿದ್ದಾರೆ. ಸ್ವಂತ ಭೂಮಿಯ ಗುತ್ತಿಗೆ, ಹೂಡಿದ ಬಂಡವಾಳದ ಬಡ್ಡಿಯನ್ನು ಮಾತ್ರ ಆ ಒಂದೂವರೆಯ ಆಚೆ ಇಟ್ಟರು. ಸ್ವಾಮಿನಾಥನ್ ಆಯೋಗದ ಹೆಸರು ಹಿಡಿದು ರೈತ ಸಂಘಟನೆಗಳು ಜಗಳವಾಡುತ್ತಿರುವುದೂ ಇದಕ್ಕೇ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಆ ಬೆಲೆ ಸಿಗಬೇಕಾದರೆ ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಬೇಕು, ನೋಂದಾಯಿಸಲು ಫ್ರೂಟ್ಸ್ ಐಡಿ ಬೇಕು, ಐಡಿಗೆ ಪಹಣಿ ಬೇಕು. ಪಹಣಿಯಲ್ಲಿ ಅವ್ವನ ಹೆಸರು ಎಲ್ಲಿದೆ? ವರ್ಷಕ್ಕೆ 6,000 ಕೊಡುವ ಪಿಎಂ ಕಿಸಾನ್‌ಗೂ ಜಮೀನಿನ ದಾಖಲೆಯೇ ಆಧಾರ, ಗೇಣಿಗೆ ಮಾಡುವವರಿಗೂ ಕೂಲಿಯವರಿಗೂ ಅಲ್ಲಿ ಜಾಗವಿಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರ ಹೆಸರಿನಲ್ಲಿರುವುದು ಶೇಕಡಾ 14 ಕೂಡ ಮುಟ್ಟುವುದಿಲ್ಲ. ಕೋಳಿ ಕೂಗುವ ಮುಂಚೆ ಎದ್ದವಳು ಸರ್ಕಾರದ ಕಣ್ಣಿನಲ್ಲಿ ರೈತಳಲ್ಲ, ರೈತನ ಹೆಂಡತಿ. ಇದನ್ನು ಸರಿಪಡಿಸಲು ಸ್ವಾಮಿನಾಥನ್ ಅವರು ರಾಜ್ಯಸಭೆಯಲ್ಲಿ 2011ರ ಮಹಿಳಾ ರೈತರ ಹಕ್ಕುಗಳ ಖಾಸಗಿ ಮಸೂದೆ ಮಂಡಿಸಿದರು. ಜಮೀನು ಹೆಸರಿನಲ್ಲಿರಲಿ ಬಿಡಲಿ, ಬೇಸಾಯ ಮಾಡುವ ಹೆಂಗಸಿಗೆ ರೈತಳೆಂಬ ಪ್ರಮಾಣಪತ್ರ ಕೊಡಿ ಎಂದು ಅದರಲ್ಲಿತ್ತು. ಅದು ಕಾಯ್ದೆಯಾಗದೆ ಬಿದ್ದುಹೋಯಿತು. ಅದಕ್ಕಾಗಿ ಬೇಸರಪಟ್ಟ ಒಂದೇ ಒಂದು ಅಮ್ಮಂದಿರ ದಿನದ ಸ್ಟೇಟಸ್ ನನ್ನ ಕಣ್ಣಿಗೆ ಬಿದ್ದಿಲ್ಲ.

ಹೊಲದ ಕೆಲಸದ ಮೇಲೆ ಮನೆಯ ಕೆಲಸ. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲೇ ಕಳೆದರು, ಗಂಡಸರು 97 ನಿಮಿಷ. ಹತ್ತಿರ ಹತ್ತಿರ ಐದು ಗಂಟೆ. ಅದನ್ನು ನೆನೆದು ನಮ್ಮ ಕಣ್ಣು ತೇವವಾಗುತ್ತದೆ, ಆದರೆ ಅದಕ್ಕೆ ಯಾರಾದರೂ ದುಡ್ಡು ಕೊಟ್ಟರೆ ಮಾತ್ರ ಹೊಟ್ಟೆ ಉರಿಯುತ್ತದೆ! 2023ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಶುರು ಮಾಡಿದಾಗ ‘ಬಿಟ್ಟಿ ಕೊಟ್ಟು ಜನರನ್ನು ಸೋಮಾರಿ ಮಾಡ್ತಿದಾರೆ’ ಎಂದು ಅತಿ ಜೋರಾಗಿ ಹೇಳಿದವರು ಯಾರು? ಅವ್ವ ಒಂದು ದಿನ ಸುಮ್ಮನೆ ಕೂತವಳಲ್ಲ ಎಂದು ಬರೆಯುವ ನಮ್ಮವರೇ. ಯೋಜನೆಯ ಹಣಕಾಸಿನ ಬಗ್ಗೆ, ಅದರ ರಾಜಕೀಯದ ಬಗ್ಗೆ ಜಗಳವಾಡಲು ಬೇಕಾದಷ್ಟಿದೆ, ಆಡೋಣ. ನನಗೆ ಅರ್ಥವಾಗದಿರುವುದು ‘ಬಿಟ್ಟಿ’ ಎಂಬ ಮಾತು. ಬಿಟ್ಟಿ ಪಡೆದವರು ಯಾರು, ಕೊಟ್ಟವರು ಯಾರು? ಉದ್ಯೋಗ ಖಾತ್ರಿ ಬಂದು ಗಂಡು ಹೆಣ್ಣು ಇಬ್ಬರಿಗೂ ಒಂದೇ ಕೂಲಿ ಎಂದಾಗಲೂ ಇದೇ ಗೋಳು ಕೇಳಿದೆವು: ‘ಆಳೇ ಸಿಗ್ತಿಲ್ಲ, ಎಲ್ಲರೂ ಮೈಗಳ್ಳರಾಗಿಬಿಟ್ರು.’ ಅಷ್ಟು ಕಾಲ ಗಂಡಾಳಿಗಿಂತ ಕಡಿಮೆ ಕೂಲಿಗೆ ಹೆಣ್ಣಾಳು ಸಿಕ್ಕಿದ್ದು ಯಾರ ಪುಣ್ಯ ಎಂದು ಯಾರೂ ಕೇಳಲಿಲ್ಲ.

ನಮ್ಮ ಮನೆಯಲ್ಲಿ ಅವ್ವನ ಕೆಲಸಕ್ಕೆ ಕಾಸು ಹುಟ್ಟಿದ್ದು ಒಂದೇ ಜಾಗದಲ್ಲಿ, ಡೇರಿಯಲ್ಲಿ. ಹುಲ್ಲು ಕೊಯ್ದವಳು, ಸಗಣಿ ಬಾಚಿದವಳು, ಹಾಲು ಕರೆದವಳು ಅವಳು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವಳೂ ಅವಳೇ. ಪಾಸ್‌ಬುಕ್ ಅಪ್ಪನ ಹೆಸರಿನಲ್ಲಿತ್ತು, ಬಟವಾಡೆಯ ದಿನ ಸಹಿ ಅಪ್ಪನದು. ಅಪ್ಪ ಕೆಟ್ಟವನಲ್ಲ, ದುಡ್ಡನ್ನು ಪೋಲು ಮಾಡಿದವನೂ ಅಲ್ಲ. ಊರಿನ ರೀತಿ ಹಾಗಿತ್ತು, ಅಷ್ಟೇ. ಆಮೇಲೆ ಎಷ್ಟೋ ಹಳ್ಳಿಗಳಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳಾದವು. ಹೆಂಗಸರೇ ಸದಸ್ಯರು, ಹೆಂಗಸರೇ ಕಾರ್ಯದರ್ಶಿ, ಅವರ ಖಾತೆಗೇ ಹಣ. ಆ ಸಂಘಗಳ ಮೇಲೆ ಯಾರೂ ಕವಿತೆ ಬರೆದಿಲ್ಲ. ಎಮ್ಮೆ ಕರೆಯುವ ಅಮ್ಮನ ಮೇಲೆ ಬರೆದ ಎಲ್ಲ ಕವಿತೆಗಳಿಗಿಂತ ಹೆಚ್ಚಿನ ಕೃತಜ್ಞತೆ ಅಲ್ಲಿನ ಒಂದು ರಸೀದಿಯಲ್ಲಿದೆ.

‘ಎಲ್ಲವನ್ನೂ ದುಡ್ಡಿನಲ್ಲಿ ಅಳೆಯುತ್ತೀರಾ? ಮಣ್ಣಿನ ನಂಟು, ನೆರೆಹೊರೆಯ ಪ್ರೀತಿಗೆ ಬೆಲೆ ಇಲ್ಲವೇ?’ ಎಂದು ಕೇಳುವವರಿದ್ದಾರೆ. ಇದೆ. ಮುಯ್ಯಾಳಿಗೆ ಹೋಗಿ ಬರುತ್ತಿದ್ದ ಹೆಂಗಸರ ನಗೆ, ಸುಗ್ಗಿಯ ಕಣದ ರಾತ್ರಿ, ಹೊಸ ರಾಗಿಯ ಮುದ್ದೆ, ಸೊನೆ ಅವರೆಯ ಸಾರು ಯಾವುದೂ ಸುಳ್ಳಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಆ ಸಂತೋಷ ಕಷ್ಟದಿಂದ ಹುಟ್ಟಿದ್ದಲ್ಲ, ಕಷ್ಟದ ನಡುವೆ ಜನ ಹೇಗೋ ಉಳಿಸಿಕೊಂಡದ್ದು. ಮುಯ್ಯಾಳಂತೂ ದುಡ್ಡಿಗಿಂತ ಕಟ್ಟುನಿಟ್ಟಿನ ಲೆಕ್ಕ. ನೀನು ನನ್ನ ಹೊಲಕ್ಕೆ ಒಂದು ದಿನ ಬಂದರೆ ನಾನು ನಿನ್ನ ಹೊಲಕ್ಕೆ ಒಂದು ದಿನ, ಅರ್ಧ ದಿನ ಕಡಿಮೆಯಾದರೂ ಬೀದಿಯಲ್ಲಿ ಜಗಳ. ನಮ್ಮ ಹಿರಿಯರು ದುಡಿಮೆಯ ಲೆಕ್ಕವನ್ನು ಎಂದೂ ಅವಮಾನ ಎಂದುಕೊಂಡವರಲ್ಲ. ಆ ನಾಚಿಕೆ ಪೇಟೆಗೆ ಬಂದ ಮಕ್ಕಳದು.

ಮಣ್ಣಿನ ನಂಟಿನ ಈಗಿನ ರೂಪವನ್ನಂತೂ ಕಣ್ಣಾರೆ ನೋಡುತ್ತಿದ್ದೇವೆ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಬೇಸಾಯಗಾರರಲ್ಲದವರೂ ಸಾಗುವಳಿ ಜಮೀನು ಕೊಳ್ಳಬಹುದು. ಬೆಂಗಳೂರಿನ ಸುತ್ತ ‘ಬಾಲ್ಯಕ್ಕೆ ಮರಳಿ’ ಎಂಬ ಧಾಟಿಯಲ್ಲಿ ಫಾರ್ಮ್ ಪ್ಲಾಟ್‌ಗಳು ಗುಂಟೆ ಲೆಕ್ಕದಲ್ಲಿ ಮಾರಾಟವಾಗುತ್ತಿವೆ. ಗೇಟಿಗೆ ಎತ್ತಿನ ಗಾಡಿಯ ಚಕ್ರ, ಹುಲ್ಲುಹಾಸಿನ ನಡುವೆ ರೋಣಗಲ್ಲು, ವಾರಾಂತ್ಯಕ್ಕೆ ಮುದ್ದೆಯೂಟ. ಹೊಲ ಮಾರಿದವನ ಹೆಂಡತಿ ಅದೇ ಗೇಟಿನೊಳಗೆ ಕಸ ಗುಡಿಸಲು ಬರುತ್ತಾಳೆ. ರೋಣಗಲ್ಲನ್ನು ಎಳೆದ ಎತ್ತಿಗೆ ಮೇವು ಹಾಕಿದವಳಿಗೆ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವ ಹಂಬಲವಿಲ್ಲ, ಅವಳಿಗೆ ಈಗ ಮಂಡಿ ನೋವು.

ಅಪ್ಪ-ಅವ್ವನಿಗೆ ನಿಜವಾಗಿ ಋಣಿಯಾಗಿರುವವರಿಗೆ ಮಾಡಲು ಕೆಲಸ ಬೇಕಾದಷ್ಟಿದೆ, ಅದರಲ್ಲಿ ಹೆಚ್ಚಿನದು ತಾಲ್ಲೂಕು ಕಚೇರಿಯಲ್ಲಿದೆ. ಮುಂದಿನ ಸಲ ಊರಿಗೆ ಹೋದಾಗ ಪಹಣಿ ತೆಗೆಸಿ, ಒಂಬತ್ತನೇ ಕಾಲಂ ನೋಡಿ. ಅಪ್ಪ ಇದ್ದರೆ ಅವರನ್ನು ಕೂರಿಸಿಕೊಂಡು ಅವ್ವನ ಹೆಸರನ್ನೂ ಸೇರಿಸಿ ಖಾತೆ ಜಂಟಿ ಮಾಡಿಸುವ ಮಾತೆತ್ತಿ. ಅಪ್ಪ ಹೋಗಿದ್ದರೆ ಪೌತಿ ಖಾತೆಯಲ್ಲಿ ಗಂಡುಮಕ್ಕಳ ಹೆಸರಷ್ಟೇ ಬರೆಸಿ ಬರಬೇಡಿ. ಡೇರಿಯ ಪಾಸ್‌ಬುಕ್ ಯಾರ ಹೆಸರಿನಲ್ಲಿದೆ ಎಂದು ಕೇಳಿ. ಸವೆದ ಮಂಡಿಗೆ ಆಪರೇಷನ್ ಬೇಕೆಂದರೆ, ಅವ್ವ ‘ನಂಗೇನಾಗಿಲ್ಲ ಬುಡಪ್ಪ’ ಎಂದಾಗ ಆ ಮಾತನ್ನು ಸಹನೆಯ ಉದಾಹರಣೆ ಮಾಡಿ ಬರೆಯುವ ಬದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅಕ್ಕತಂಗಿಯರ ವಿಷಯದಲ್ಲಂತೂ ನೆಪ ಹೇಳುವ ಹಾಗಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಆದರೂ ಇವತ್ತಿಗೂ ಉಪನೋಂದಣಿ ಕಚೇರಿಗಳ ಮುಂದೆ ಮರದ ನೆರಳಿನಲ್ಲಿ ಅಣ್ಣತಮ್ಮಂದಿರು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದಾರೆ, ಕೈಗೆ ಒಂದು ಸೀರೆ, ಸ್ವಲ್ಪ ದುಡ್ಡು ಇಟ್ಟು. ಅವರಲ್ಲಿ ಎಷ್ಟೋ ಜನರ ಫೋನಿನಲ್ಲಿ ಅವ್ವನ ಫೋಟೊ ಇದೆ, ಕೆಳಗೆ ‘ನಿನ್ನ ಋಣ ತೀರಿಸಲಾಗದು’ ಎಂಬ ಸಾಲಿದೆ. ಋಣ ತೀರಿಸಲಾಗದು ಎನ್ನುವವರು ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟು ತಮ್ಮನ್ನು ಸಾಕಿದ ಅಕ್ಕನ ಪಾಲಿನ ಗುಂಟೆಗಳನ್ನಾದರೂ ಅವಳ ಹೆಸರಿಗೆ ಬರೆದುಕೊಡಲಿ. ಅದಕ್ಕೆ ಕಾನೂನು ಇದೆ, ನಮೂನೆ ಇದೆ, ಶುಲ್ಕವೂ ಹೆಚ್ಚಿಲ್ಲ.